ಕಳೆದ ಹಣ ತಂದುಕೊಟ್ಟವರಿಗೆ ಎಷ್ಟು ಕೊಡಬೇಕು?

ರಾಜಾಜಿನಗರದ ನವರಂಗ್ ಬಳಿ ನೀವು ಆಟೋ ಇಳಿದು ಮನೆಗೆ ಹೋಗುತ್ತೀರಿ ಎಂದುಕೊಳ್ಳಿ. ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟ 50,000 ರೂಪಾಯಿಯ ಚೀಲ ಆಟೋದಲ್ಲೇ ಉಳಿದಿದೆ. ಸಂಜೆ ಚಾಲಕರು ಮನೆ ಹುಡುಕಿಕೊಂಡು ಬಂದು ಚೀಲವನ್ನು ಕೈಗೆ ಕೊಡುತ್ತಾರೆ. ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಈಗ ಅವರಿಗೆ ಎಷ್ಟು ಕೊಡಬೇಕು? ಕೈಮುಗಿದರೆ ಸಾಕೇ?

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಒಡೆಯ ಯಾರೆಂದು ತಿಳಿದಿದ್ದೂ ಸಿಕ್ಕಿದ ಹಣವನ್ನು ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಳ್ಳುವುದು ಅಪರಾಧ. ಹಿಂದೆ ದಂಡ ಸಂಹಿತೆಯ 403ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಲ್ಲಿದೆ. ಹಾಗಾದರೆ ಹಿಂದಿರುಗಿಸಿದವರಿಗೆ ಬಹುಮಾನದ ಹಕ್ಕಿದೆಯೇ? 1872ರ ಭಾರತೀಯ ಕರಾರು ಕಾಯಿದೆಯ 168ನೇ ಕಲಮಿನ ಪ್ರಕಾರ, ತಾನಾಗಿ ಪಟ್ಟ ಶ್ರಮಕ್ಕೆ, ಮಾಡಿದ ಖರ್ಚಿಗೆ ಒಡೆಯನ ಮೇಲೆ ದಾವೆ ಹೂಡುವಂತಿಲ್ಲ. ಅದು ಸಲ್ಲುವವರೆಗೆ ವಸ್ತುವನ್ನು ತನ್ನ ಬಳಿ ಇಟ್ಟುಕೊಳ್ಳಬಹುದು, ಅಷ್ಟೆ. ಒಡೆಯನು ಇಂತಿಷ್ಟು ಬಹುಮಾನವೆಂದು ಮೊದಲೇ ಪ್ರಕಟಿಸಿದ್ದರೆ ಮಾತ್ರ ಅದಕ್ಕಾಗಿ ದಾವೆ ಹೂಡಬಹುದು. ಅಂದರೆ, ಏನನ್ನೂ ಕೇಳದೆ ಚೀಲ ಒಪ್ಪಿಸಿದ ಮನುಷ್ಯನ ಕೈ ಬರಿದು. ಉಳಿದದ್ದು ನಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು.

ಕೆಲವು ದೇಶಗಳು ಇದನ್ನು ಮನಸ್ಸಾಕ್ಷಿಗೆ ಬಿಟ್ಟಿಲ್ಲ. ಜರ್ಮನಿಯ ಕಾನೂನಿನಲ್ಲಿ 500 ಯೂರೋವರೆಗಿನ ಮೌಲ್ಯಕ್ಕೆ ಶೇಕಡ 5, ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಶೇಕಡ 3 ಬಹುಮಾನ ನಿಗದಿಯಾಗಿದೆ. ಜಪಾನಿನಲ್ಲಿ ಸಾಮಾನ್ಯವಾಗಿ ಶೇಕಡ 5ರಿಂದ 20.

ಹಾಗೆಂದು ಜನ ಹಣ ಹಿಂದಿರುಗಿಸುವುದು ಬಹುಮಾನದ ಆಸೆಯಿಂದಲೇ? 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಭಾರತವೂ ಸೇರಿ 40 ದೇಶಗಳಲ್ಲಿ 17,000ಕ್ಕೂ ಹೆಚ್ಚು 'ಕಳೆದುಹೋದ' ಪರ್ಸುಗಳನ್ನು ಬ್ಯಾಂಕು, ಹೋಟೆಲು, ಅಂಚೆ ಕಚೇರಿ ಮುಂತಾದ ಕಡೆ ಒಪ್ಪಿಸಲಾಯಿತು. ಹಣವಿಲ್ಲದ ಪರ್ಸುಗಳ ಬಗ್ಗೆ ಒಡೆಯನಿಗೆ ತಿಳಿಸಿದವರು ಶೇಕಡ 40. ಹಣವಿದ್ದಾಗ ಶೇಕಡ 51! ತಾನು ಕಳ್ಳನೆಂದು ತನಗೇ ಅನ್ನಿಸಬಾರದು ಎಂಬ ಭಾವನೆ ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ವಿವರಿಸಿದರು. ಆದ್ದರಿಂದ ಬಹುಮಾನವೆಂದರೆ ಪ್ರಾಮಾಣಿಕತೆಗೆ ಕಟ್ಟುವ ಬೆಲೆಯಲ್ಲ.

ಹಾಗಿದ್ದರೆ ಲೆಕ್ಕ ಹೇಗೆ? ಕೊಡುವುದನ್ನು ಎರಡು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಮೊದಲನೆಯದು ನಷ್ಟಭರ್ತಿ. ನಿಮ್ಮನ್ನು ಹುಡುಕಲು ಚಾಲಕರು ಕಳೆದ ಹೊತ್ತು, ಸುಟ್ಟ ಇಂಧನ, ತಪ್ಪಿದ ಬಾಡಿಗೆ ಇವುಗಳಿಗೆ ಸಲ್ಲಬೇಕಾದದ್ದು. ಇದು ದಾನವಲ್ಲ, ಬಾಕಿ. ಪ್ರಾಮಾಣಿಕನಾದ ತಪ್ಪಿಗೆ ಯಾರೂ ದಿನದ ದುಡಿಮೆ ಕಳೆದುಕೊಳ್ಳಬಾರದು. ಎರಡನೆಯದು ಕೃತಜ್ಞತೆ. ಇದು ಕೊಡುವವರ ಶಕ್ತಿಗೆ ತಕ್ಕದ್ದು. 50,000ಕ್ಕೆ ಶೇಕಡ 5 ಎಂದರೆ 2,500 ರೂಪಾಯಿ. ಅನುಕೂಲಸ್ಥರಿಗೆ ಇದು ಗೌರವದ ಆರಂಭ. ಸಾಲ ಮಾಡಿ ಶುಲ್ಕ ಹೊಂದಿಸಿದವರು ಕಡಿಮೆ ಕೊಟ್ಟರೆ ನಾಚಿಕೆಪಡಬೇಕಾಗಿಲ್ಲ. ಆದರೆ ಮೊದಲ ಭಾಗವನ್ನು ಮಾತ್ರ ಯಾರೂ ಬಿಡಬಾರದು.

ಅಂಕಪಟ್ಟಿ, ಮನೆಪತ್ರಗಳಂಥ ದಾಖಲೆಗಳಿಗೆ ಶೇಕಡಾವಾರು ಲೆಕ್ಕ ಹೊಂದುವುದಿಲ್ಲ. ಅಲ್ಲಿ ಅವರು ಪಟ್ಟ ಶ್ರಮವೇ ಅಳತೆ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರಿಗೆ ಹಣ ಬೇಡ, ಮೇಲಧಿಕಾರಿಗೆ ಮೆಚ್ಚುಗೆಯ ಪತ್ರ ಬರೆಯಿರಿ. "ಬೇಡ ಸ್ವಾಮಿ" ಎಂದವರನ್ನು ನಾಲ್ಕು ಜನರ ಮುಂದೆ ಒತ್ತಾಯಿಸಬೇಡಿ. ಖರ್ಚಿನ ಹಣವನ್ನಷ್ಟೇ ತೆಗೆದುಕೊಳ್ಳುವಂತೆ ಕೇಳಿಕೊಳ್ಳಿ. ಪತ್ರಿಕೆಯಲ್ಲೋ ಗೋಡೆಯ ಮೇಲೋ ಬಹುಮಾನ ಪ್ರಕಟಿಸುವ ಮುನ್ನ ಯೋಚಿಸಿ. ಪ್ರಕಟಿಸಿದ ಮೇಲೆ ಅದು ಸಾಲವಿದ್ದಂತೆ, ತೀರಿಸಲೇಬೇಕು.