ಶೋಕವೂ ಸಭೆಯ ಕೀರ್ತನೆಯೂ

ಶೋಕವು ಕರುಣರಸದ ಸ್ಥಾಯಿಭಾವವೆಂಬುದು ಭರತಮತ. ಸಾಧಾರಣೀಕರಣದಿಂದ ಅದು ಆಸ್ವಾದ್ಯವಾಗುವುದೆಂದು ಭಟ್ಟನಾಯಕನು ವಿವರಿಸಿದನು. ಆದರೆ ಸಹೃದಯನ ಮನೆಯಲ್ಲಿ ಸಾವು ಸಂಭವಿಸಿರುವುದಿಲ್ಲ. ನಿಜವಾಗಿ ದುಃಖಿತನಾದವನಿಗೆ ಸಮಾಧಾನವೆಂತು? ಕ್ರೈಸ್ತರ ಸಾಮೂಹಿಕ ಆರಾಧನೆಯು ಇದಕ್ಕೊಂದು ಉತ್ತರವನ್ನೀಯುತ್ತದೆ.

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ, 1851ರಲ್ಲಿ ಗುಳೇದಗುಡ್ಡದಲ್ಲಿಯೂ, 1885ರಲ್ಲಿ ಈಗ ವಿಜಯಪುರವೆನಿಸಿದ ವಿಜಾಪುರದಲ್ಲಿಯೂ ನೆಲೆಯೂರಿದರು. ಫರ್ಡಿನಾಂಡ್ ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಪದ್ಯಗಳಲ್ಲಿ ಹೆಣೆದರು. ಸತ್ಯವೇದದ ಕೀರ್ತನೆಗಳೂ ಸಭೆಗಳಲ್ಲಿ ಕನ್ನಡದಲ್ಲಿಯೇ ಪಠಿತವಾದುವು.

ಅವುಗಳಲ್ಲಿ 22ನೆಯದನ್ನು ನೋಡಬಹುದು. ದೇವರು ತನ್ನನ್ನು ಕೈಬಿಟ್ಟನೆಂಬ ಒಬ್ಬನ ಮೊರೆಯಿಂದ ಮೊದಲಾಗಿ ಅದು ಸಭಾಮಧ್ಯದ ಸ್ತುತಿಗೆ ತಿರುಗುತ್ತದೆ. ನಡುವೆ ಸಂಕಟವನ್ನು ಮರೆಮಾಚುವುದಿಲ್ಲ. ನೆರೆದವರೆಲ್ಲರೂ 'ನಾನು' ಎಂದೇ ಉಚ್ಚರಿಸುವುದರಿಂದ, ಕಂಠ ಬಿಗಿದವನ ಮಾತನ್ನು ಪಕ್ಕದವನು ನುಡಿದಂತಾಗುತ್ತದೆ. ದುಃಖಿತನು ತಾನು ಹಾಡಲಾರದಿದ್ದರೂ ಹಾಡಿನೊಳಗೇ ಇರುತ್ತಾನೆ.

ಮುಳವಾಡವೇ ಮೊದಲಾದ ವಿಜಯಪುರ ಸೀಮೆಯ ಊರುಗಳಲ್ಲಿ ಸಾವಿನ ಮನೆಯ ಮುಂದೆ ರಾತ್ರಿ ನಡೆಯುವ ಭಜನೆಯನ್ನು ಬಲ್ಲವರಿಗೆ ಈ ಮರ್ಮವು ಅಪರಿಚಿತವಲ್ಲ. ಮತಗಳು ಬೇರೆ, ಶೋಕವನ್ನು ಹೊರುವ ಕ್ರಮವೊಂದೇ. ಕಾವ್ಯದಲ್ಲಿ ಶೋಕವು ಯಾರದೂ ಆಗದೆ ರಸವಾಗುತ್ತದೆ. ಸಭೆಯಲ್ಲಿ ಎಲ್ಲರದೂ ಆಗಿ ಸಹ್ಯವಾಗುತ್ತದೆ.