ಒಂದು ಹಾಡಿಗೆ ಒಂದು ಫೈಲ್

ನಮ್ಮ ಕಾಲೇಜಿನಲ್ಲಿ ವರ್ಷಕ್ಕೆ ಐದಾರು ಸಲವಾದರೂ ಹಾಡು ಬೇಕು. ಆಗಸ್ಟ್ 15, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1, ಜನವರಿ 26, ಆಮೇಲೆ ವಾರ್ಷಿಕೋತ್ಸವ. ಹಾಡುವ ಗುಂಪಿನ ನಾವು ಈ ಹಾಡುಗಳ ಸ್ವರಲಿಪಿಯನ್ನು ಮ್ಯೂಸ್‌ಸ್ಕೋರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಬರೆದಿಟ್ಟಿದ್ದೇವೆ. ನಾಡಗೀತೆ, ‘ಸಾರೇ ಜಹಾಂ ಸೆ ಅಚ್ಛಾ’, ಎರಡು ವಚನ, ಒಂದು ತತ್ವಪದ, ಭಾಲ್ಕಿಯ ಸಹಪಾಠಿಯೊಬ್ಬಳ ಅಜ್ಜಿಯಿಂದ ಕೇಳಿ ಬರೆದುಕೊಂಡ ಮೂರು ಬೀಸುವ ಕಲ್ಲಿನ ಪದ, ಎಲ್ಲವೂ ಒಂದೇ ಫೈಲ್‌ನಲ್ಲಿ ಸಾಲಾಗಿ ಇವೆ. ಪುಸ್ತಕದಂತೆ ನೋಡಲು ಅದು ಚೆನ್ನಾಗಿದೆ. ಆದರೆ ಔರಾದಿನಿಂದ ಬಸ್ಸಿನಲ್ಲಿ ಬರುವ ಗೆಳತಿಗೆ ಬೇಕಾದದ್ದು ಅದರಲ್ಲಿ ಒಂದೇ ಹಾಡು. ಬಸ್ಸಿನಲ್ಲಿ ಕುಳಿತು ಫೋನಿನ ಸಣ್ಣ ಪರದೆಯಲ್ಲಿ ಇಡೀ ಪುಸ್ತಕ ತಿರುವುವ ಸಹನೆ ಯಾರಿಗಿದೆ? ಒಂದೊಂದು ಹಾಡನ್ನು ಬೇರೆ ಫೈಲ್ ಮಾಡುವುದು ಹೇಗೆ ಎಂದು ಹಲವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಫೈಲ್ ಮೆನುವಿನ ‘ಎಕ್ಸ್‌ಪೋರ್ಟ್’ ಒತ್ತಿದರೆ ಪ್ರತಿ ‘ಪಾರ್ಟ್’ಗೂ ಬೇರೆ ಫೈಲ್ ಮಾಡುವ ಆಯ್ಕೆ ಕಾಣುತ್ತದೆ. ನಮಗೆ ಬೇಕಾದದ್ದು ಇದೇ ಎಂದು ಅನಿಸುವುದು ಸಹಜ. ಆದರೆ ಸಂಗೀತದಲ್ಲಿ ಪಾರ್ಟ್ ಎಂದರೆ ವಾದ್ಯದ ಪಾಲು. ಹಾರ್ಮೋನಿಯಂ ಒಂದು ಫೈಲ್, ತಬಲಾ ಇನ್ನೊಂದು ಫೈಲ್ ಆಗುತ್ತದೆ, ಅಷ್ಟೆ. ಪ್ರತಿ ಫೈಲಿನಲ್ಲೂ ಎಲ್ಲ ಹಾಡು ಮೊದಲಿನಂತೆ ಒಟ್ಟಿಗೇ ಉಳಿಯುತ್ತವೆ. ಒಂದು ಹಾಡು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ನಮಗೆ ಗೊತ್ತು, ಸಾಫ್ಟ್‌ವೇರ್‌ಗೆ ಗೊತ್ತಿಲ್ಲ. ಅದು ನೋಡುವುದು ಒಂದು ಉದ್ದನೆಯ ಕೃತಿಯನ್ನು. ಹಾಡುಗಳ ನಡುವೆ ‘ಸೆಕ್ಷನ್ ಬ್ರೇಕ್’ ಹಾಕಿದರೆ ಅಳತೆಗಳ ಎಣಿಕೆ ಮತ್ತೆ 1ರಿಂದ ಶುರುವಾಗುತ್ತದೆ, ಕೇಳಿಸುವಾಗ ಸ್ವಲ್ಪ ಬಿಡುವೂ ಸಿಗುತ್ತದೆ. ಆದರೆ ಫೈಲ್ ಒಡೆಯುವುದಿಲ್ಲ.

ಒಡೆಯುವ ದಾರಿ ಹೀಗಿದೆ. ಹಾಡಿನ ಮೊದಲ ಅಳತೆಯ ಮೇಲೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಕೊನೆಯ ಅಳತೆಯ ಮೇಲೆ ಕ್ಲಿಕ್ ಮಾಡಿ. ನಡುವಿನದೆಲ್ಲ ನೀಲಿಯಾಗುತ್ತದೆ. ಈಗ ಫೈಲ್ ಮೆನುವಿನಲ್ಲಿ ‘ಸೇವ್ ಸೆಲೆಕ್ಷನ್’ ಒತ್ತಿ ಹೆಸರು ಕೊಡಿ. ಅಷ್ಟು ಭಾಗ ಹೊಸ ಫೈಲ್ ಆಗುತ್ತದೆ, ಮೂಲ ಹಾಗೆಯೇ ಇರುತ್ತದೆ. ಹೊಸದನ್ನು ತೆರೆದು ಅದರಿಂದ ಪಿಡಿಎಫ್, ಎಂಪಿ3 ಬೇಕಾದದ್ದು ತೆಗೆಯಿರಿ. ಇನ್ನೊಂದು ಉಪಾಯ, ಇಡೀ ಫೈಲಿನ ನಕಲು ಮಾಡಿ, ಬೇಡವಾದ ಹಾಡುಗಳ ಅಳತೆಗಳನ್ನು ಆರಿಸಿ ಕಂಟ್ರೋಲ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿ ಅಳಿಸುವುದು. ಬರೀ ಕಾಗದದ ಪ್ರತಿ ಸಾಕೆಂದರೆ ಇದೂ ಬೇಡ. ಪ್ರತಿ ಹಾಡು ಹೊಸ ಪುಟದಲ್ಲಿ ಶುರುವಾಗುವಂತೆ ಮಾಡಿ, ಪ್ರಿಂಟ್ ಮಾಡುವಾಗ ಆ ಪುಟಗಳ ಸಂಖ್ಯೆ ಕೊಟ್ಟರೆ ಮುಗಿಯಿತು.

ಪ್ರೋಗ್ರಾಮಿಂಗ್ ಕಲಿಯುವವರಿಗೆ ಲಿಲಿಪಾಂಡ್ ಇಷ್ಟವಾಗಬಹುದು. ಅದೂ ಉಚಿತ. ಅಲ್ಲಿ ಸ್ವರಗಳನ್ನು ಕೋಡ್‌ನಂತೆ ಟೈಪ್ ಮಾಡಬೇಕು. ಪ್ರತಿ ಹಾಡನ್ನು ಒಂದು ‘ಬುಕ್’ ಆವರಣದೊಳಗೆ ಬರೆದರೆ ಒಂದೇ ಸಲಕ್ಕೆ ಎಲ್ಲ ಹಾಡುಗಳ ಪಿಡಿಎಫ್ ಬೇರೆ ಬೇರೆಯಾಗಿ ಹೊರಬರುತ್ತವೆ.

ಕತ್ತರಿಸಿದ ಮೇಲೆ ಹಾಡಿನ ಶೀರ್ಷಿಕೆ, ತಾಳದ ಗುರುತು, ವೇಗದ ಗುರುತು ಮೂರೂ ಇವೆಯೇ ಎಂದು ನೋಡಬೇಕು. ವೇಗದ ಗುರುತು ಇಲ್ಲದಿದ್ದರೆ ಮ್ಯೂಸ್‌ಸ್ಕೋರ್ ನಿಮಿಷಕ್ಕೆ 120 ಬಡಿತದಂತೆ ನುಡಿಸಿಬಿಡುತ್ತದೆ, ಜೋಗುಳವೂ ಓಟದ ಸ್ಪರ್ಧೆಯಾಗುತ್ತದೆ. ಪರೀಕ್ಷಿಸಲು ಸುಲಭ ಉಪಾಯ ಎಂಪಿ3ಯ ಉದ್ದ ನೋಡುವುದು. ರಾಷ್ಟ್ರಗೀತೆ ಸುಮಾರು 52 ಸೆಕೆಂಡ್ ಇರಬೇಕು. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಹೇಳಿದೆ. ಅಷ್ಟು ಹೊತ್ತಿನ ಎಂಪಿ3 ಸಾಧಾರಣ ಗುಣಮಟ್ಟದಲ್ಲಿ ಎರಡೂವರೆ ಎಂಬಿಯೊಳಗೆ ಬರುತ್ತದೆ. ಅದನ್ನೇ ವೇವ್ ಫೈಲ್ ಮಾಡಿದರೆ 26 ಎಂಬಿ ದಾಟುತ್ತದೆ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಯಾವುದು ತಲುಪುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ನನ್ನ ಮಟ್ಟಿಗೆ ದೊಡ್ಡ ಕಾರಣ ಶ್ರುತಿ. ಹುಡುಗರು ಕರಿ ಒಂದರಲ್ಲಿ ಹಾಡುವ ಹಾಡನ್ನು ಹುಡುಗಿಯರು ಕರಿ ನಾಲ್ಕರಲ್ಲಿ ಕೇಳುತ್ತಾರೆ. ಹಾಡು ಬೇರೆ ಫೈಲ್ ಆಗಿದ್ದರೆ ‘ಟ್ರಾನ್ಸ್‌ಪೋಸ್’ ಮಾಡಿ ಎರಡು ಪ್ರತಿ ಇಟ್ಟುಕೊಳ್ಳಬಹುದು, ಉಳಿದ ಹಾಡುಗಳಿಗೆ ಕೈ ತಾಗುವುದಿಲ್ಲ. ಐದು ಗೆರೆಯ ಲಿಪಿ ಓದಲು ಬಾರದವರಿಗಾಗಿ ನಾವು ಸಾಹಿತ್ಯದ ಕೆಳಗೆ ಎರಡನೇ ಸಾಲಿನಲ್ಲಿ ಸ ರಿ ಗ ಮ ಬರೆಯುತ್ತೇವೆ. ಶ್ರುತಿ ಬದಲಿಸಿದಾಗ ಮೇಲಿನ ಗೆರೆಗಳ ಸ್ವರ ಜರುಗುತ್ತವೆ, ಕೆಳಗಿನ ಸರಿಗಮ ಹಾಗೆಯೇ ಸರಿ ಇರುತ್ತದೆ. ನಮ್ಮ ‘ಸ’ ಹಾಡುವವರ ಜೊತೆಗೇ ನಡೆಯುತ್ತದಲ್ಲ! ಇದನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ನನಗೆ ಬಹಳ ಖುಷಿಯಾಯಿತು.

ಸಾಹಿತ್ಯ ಟೈಪ್ ಮಾಡುವಾಗ ಯೂನಿಕೋಡ್ ಕನ್ನಡವನ್ನೇ ಬಳಸಿ. ಹಳೆಯ ನುಡಿ ಫಾಂಟಿನ ಪಠ್ಯ ಅಂಟಿಸಿದರೆ ಬೇರೆಯವರ ಫೋನಿನಲ್ಲಿ ವಿಚಿತ್ರ ಚಿಹ್ನೆಗಳು ಬರುತ್ತವೆ. ಉರ್ದು ಹಾಡಿನಲ್ಲಿ ತೊಡಕು ಬೇರೆ. ಸ್ವರ ಎಡದಿಂದ ಬಲಕ್ಕೆ ಓಡುತ್ತದೆ, ಉರ್ದು ಬಲದಿಂದ ಎಡಕ್ಕೆ. ಸ್ವರಕ್ಕೊಂದು ತುಂಡು ಮಾಡಿದರೆ ಕೂಡಿ ಬರೆಯಬೇಕಾದ ಅಕ್ಷರಗಳು ಬಿಡಿಬಿಡಿಯಾಗುತ್ತವೆ. ಆದ್ದರಿಂದ ಸ್ವರದ ಕೆಳಗೆ ಕನ್ನಡ ಲಿಪಿಯಲ್ಲಿ ಬರೆದು, ಇಡೀ ಪದ್ಯವನ್ನು ಪುಟದ ಕೊನೆಗೆ ಉರ್ದುವಿನಲ್ಲಿ ಕೊಡುವುದು ಒಳ್ಳೆಯದು. ಇದಕ್ಕೂ ಹಾಡು ಬೇರೆ ಫೈಲಿನಲ್ಲಿದ್ದರೇ ಅನುಕೂಲ.

ಭಾಲ್ಕಿಯ ಅಜ್ಜಿಯ ಪದಗಳ ಮಾತು ಬೇರೆ. ಅವರು ಹಾಡುವಾಗ ತಾಳ ಬೀಸುಕಲ್ಲಿನ ಸುತ್ತಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅಳತೆಯ ಗೆರೆಯೊಳಗೆ ಅದು ಪೂರ್ತಿ ಕೂರುವುದಿಲ್ಲ. ನಾವು ಬರೆದದ್ದು ಎಲುಬು ಮಾತ್ರ. ಅದಕ್ಕೇ ಆ ಮೂರು ಪದಗಳಿಗೆ ಒಂದೊಂದು ಫೋಲ್ಡರ್ ಮಾಡಿ, ಸ್ವರಲಿಪಿಯ ಫೈಲ್, ಪಿಡಿಎಫ್, ಜೊತೆಗೆ ಫೋನಿನಲ್ಲಿ ಮುದ್ರಿಸಿದ ಅಜ್ಜಿಯ ದನಿ ಮೂರನ್ನೂ ಒಟ್ಟಿಗೆ ಇಟ್ಟಿದ್ದೇವೆ. ಮನೆಯಲ್ಲಿ ಈಗ ಬೀಸುಕಲ್ಲು ಮೂಲೆ ಸೇರಿದೆ, ಆ ಪದ ಬಲ್ಲವರು ಅವರೊಬ್ಬರೇ. ಮೊಮ್ಮಗಳು ಕಲಿಯುತ್ತಿದ್ದಾಳೆ. ಅವಳಿಗೆ ಕಳಿಸಿದ್ದು ಆ ಒಂದು ಪದ ಮಾತ್ರ, ಎರಡು ಪುಟ.

ಹಂಚುವ ಮುನ್ನ ಹಕ್ಕಿನ ವಿಚಾರವೂ ಇದೆ. ನಮ್ಮ ದೇಶದಲ್ಲಿ ಕವಿ ತೀರಿದ 60 ವರ್ಷದವರೆಗೆ ಕೃತಿಸ್ವಾಮ್ಯ ಇರುತ್ತದೆ. ಇಕ್ಬಾಲ್ 1938ರಲ್ಲಿ ತೀರಿದರು, ಕುವೆಂಪು 1994ರಲ್ಲಿ. ಎಲ್ಲ ಹಾಡು ಒಂದೇ ಫೈಲಿನಲ್ಲಿದ್ದರೆ ಯಾವುದನ್ನು ಎಲ್ಲರಿಗೂ ಕೊಡಬಹುದು, ಯಾವುದನ್ನು ಕಾಲೇಜಿನೊಳಗೇ ಇಟ್ಟುಕೊಳ್ಳಬೇಕು ಎಂದು ಬೇರ್ಪಡಿಸುವುದು ಕಷ್ಟ.

ಈ ವರ್ಷ ಹೊಸ ಹಾಡು ಬರೆಯುವವರು ಶುರುವಿನಿಂದಲೇ ಹಾಡಿಗೊಂದು ಫೈಲ್ ಮಾಡಿ. ಪುಸ್ತಕ ಬೇಕಾದಾಗ ಪಿಡಿಎಫ್‌ಗಳನ್ನು ಜೋಡಿಸಿಕೊಂಡರಾಯಿತು. ಹೆಸರಿನ ಮೊದಲಿಗೆ 01, 02 ಎಂದು ಸಂಖ್ಯೆ, ಕೊನೆಗೆ ಶ್ರುತಿ ಬರೆಯಿರಿ. ಹಳೆಯ ದೊಡ್ಡ ಫೈಲ್ ಕಂಪ್ಯೂಟರ್ ಲ್ಯಾಬ್‌ನಲ್ಲಿದೆ. ಅದರಲ್ಲಿ ಆರು ಹಾಡು ಬೇರ್ಪಡಿಸಿದ್ದೇನೆ, ಉಳಿದವಕ್ಕೆ ಶನಿವಾರ ಮಧ್ಯಾಹ್ನ ಇಬ್ಬರು ಜೊತೆಯಾದರೆ ಸಾಕು.