ಬದುವಿನ ಪುಂಡಿ: ಗುಣವೂ ಮಿತಿಯೂ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ಪುಂಡಿಪಲ್ಯವು ಎಲ್ಲರಿಗೂ ಪ್ರಿಯವಾದ ಆಹಾರ. ಬಿತ್ತಿ ಬೆಳೆದ ಪುಂಡಿಯಲ್ಲದೆ, ಉದುರಿದ ಬೀಜದಿಂದ ಬದುಗಳಲ್ಲಿ ತಾನಾಗಿ ಹುಟ್ಟಿದ ಪುಂಡಿಯೂ ಅಡುಗೆಗೆ ಒದಗುತ್ತದೆ. ಇದು ದಾಸವಾಳದ ಕುಲದ ಸಸ್ಯ; ಬೆಂಡೆ, ಹತ್ತಿಗಳು ಇದರ ಬಂಧುಗಳು. ಸಸ್ಯಶಾಸ್ತ್ರವು ಇದನ್ನು ಹೈಬಿಸ್ಕಸ್ ಕ್ಯಾನಬಿನಸ್ ಎಂದು ಕರೆಯುತ್ತದೆ. ಇದರ ಮೂಲ ಆಫ್ರಿಕಾ ಖಂಡ.

ಗುರುತಿಸುವುದು ಸುಲಭ. ನೀಳವಾದ ಕಾಂಡದಲ್ಲಿ ಸಣ್ಣ ಮುಳ್ಳುಗಳಿರುತ್ತವೆ. ಬುಡದ ಎಲೆಗಳು ಹೃದಯದ ಆಕಾರದವು. ಮೇಲಿನವು ಬೆರಳುಗಳಂತೆ 3ರಿಂದ 7 ಸೀಳುಗಳುಳ್ಳವು. ತಿಳಿಹಳದಿ ಹೂವಿನ ನಡುವೆ ಕಡುಗೆಂಪು ಬಣ್ಣವಿದ್ದು, ಅದು ಮುಂಜಾನೆ ಅರಳಿ ಅದೇ ದಿನ ಮುದುಡುತ್ತದೆ. ಕಾಯಿಯ ಮೇಲಿನ ಚೂಪು ರೋಮಗಳು ಚರ್ಮಕ್ಕೆ ತುರಿಕೆ ತರುತ್ತವೆ. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಇದರ ಸಮೀಪದ ಜಾತಿಯಾದ ಕೆಂಪು ಪುಂಡಿಯಲ್ಲಿ ಹೂವಿನ ಪುಷ್ಪಪಾತ್ರೆಯು ದಪ್ಪವಾಗಿ, ರಸಭರಿತವಾಗಿರುತ್ತದೆ.

ಆಯುರ್ವೇದದ ದೃಷ್ಟಿಯಲ್ಲಿ ಹುಳಿರಸವು ಜಠರಾಗ್ನಿಯನ್ನು ಉದ್ದೀಪಿಸುತ್ತದೆ, ವಾತವನ್ನು ಶಮನಗೊಳಿಸುತ್ತದೆ. ಆದರೆ ಪಿತ್ತವನ್ನು ಹೆಚ್ಚಿಸುತ್ತದೆ. ಆದ್ದರಿಂದ ಆಮ್ಲಪಿತ್ತ, ಎದೆಯುರಿ ಉಳ್ಳವರು ಇದನ್ನು ಮಿತವಾಗಿ ಸೇವಿಸಬೇಕು. ಎಲೆಯಲ್ಲಿ ಆಕ್ಸಾಲಿಕ್ ಆಮ್ಲವೂ ಇರುವುದರಿಂದ ಮೂತ್ರಪಿಂಡದಲ್ಲಿ ಹರಳಿನ ತೊಂದರೆ ಉಳ್ಳವರು ವೈದ್ಯರ ಸಲಹೆಯಿಲ್ಲದೆ ಪದೇ ಪದೇ ತಿನ್ನಬಾರದು. ಎಲೆಯನ್ನು ಕುದಿಸಿ ನೀರು ಬಸಿದರೆ ಈ ಆಮ್ಲ ತಗ್ಗುತ್ತದೆ.

ಪುಂಡಿ ತಿಂದರೆ ಸಾಕು, ರಕ್ತ ಹೆಚ್ಚುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಸೊಪ್ಪಿನಲ್ಲಿ ಕಬ್ಬಿಣಾಂಶವಿರುವುದು ನಿಜ. ಆದರೆ ಸಸ್ಯಗಳ ಕಬ್ಬಿಣಾಂಶವನ್ನು ದೇಹವು ಅಲ್ಪ ಪ್ರಮಾಣದಲ್ಲಿಯೇ ಹೀರಿಕೊಳ್ಳುತ್ತದೆ. ಗರ್ಭಿಣಿಯರು ಪಲ್ಯವನ್ನು ನಂಬಿ ಕಬ್ಬಿಣಾಂಶದ ಗುಳಿಗೆಯನ್ನು ಬಿಡುವುದು ತಾಯಿ-ಮಗು ಇಬ್ಬರಿಗೂ ಅಪಾಯಕರ. ರಕ್ತಹೀನತೆಯ ಪ್ರಮಾಣವನ್ನು ರಕ್ತಪರೀಕ್ಷೆಯಿಂದಲೇ ಅರಿಯಬೇಕು. ಪುಂಡಿಯು ಚಿಕಿತ್ಸೆಗೆ ಪೂರಕವಾದ ಆಹಾರವೇ ಹೊರತು ಚಿಕಿತ್ಸೆಯಲ್ಲ.

ಹುಳಿಯಾದ ಈ ಪಲ್ಯವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸದೆ ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಆಹಾರದ ಕಬ್ಬಿಣಾಂಶ ಹೆಚ್ಚುತ್ತದೆ. ಬೆಂದ ಕೂಡಲೇ ಬೇರೆ ಪಾತ್ರೆಗೆ ತೆಗೆಯಬೇಕು. ಊಟದ ಜೊತೆಗಾಗಲಿ, ಊಟವಾದೊಡನೆಯಾಗಲಿ ಚಹಾ ಕುಡಿಯಬಾರದು. ಅದು ಕಬ್ಬಿಣಾಂಶದ ಹೀರಿಕೆಯನ್ನು ತಡೆಯುತ್ತದೆ. ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ಹೊಲದ ಬದುವಿನ ಸೊಪ್ಪನ್ನು ಎಷ್ಟೇ ಎಳೆಯದಾಗಿದ್ದರೂ ಕೊಯ್ಯಬಾರದು; ತೊಳೆದ ಮಾತ್ರಕ್ಕೆ ವಿಷವೆಲ್ಲ ಹೋಗದು. ಶುದ್ಧವಾದ ನೆಲದಲ್ಲಿ ಬೆಳೆದ ಎಳೆಯ ಸೊಪ್ಪನ್ನು ವಾರಕ್ಕೆ ಒಂದೆರಡು ಬಾರಿ ಹಿತಮಿತವಾಗಿ ಸೇವಿಸಿದರೆ ಆರೋಗ್ಯವಂತರಿಗೆ ಪುಂಡಿಯು ರುಚಿಯನ್ನೂ ಪೋಷಣೆಯನ್ನೂ ನೀಡುತ್ತದೆ.